ಡಿಸ್ಕು ತಾನಾಗಿ ಶುರುವಾದ ದಿನ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಚಳ್ಳಕೆರೆಯಲ್ಲಿ ನಾಲ್ಕು ಜನಕ್ಕೆ ಅವರು ಯಾರೆಂದು ತಿಳಿದುಬಿಡುತ್ತದೆ. ಅವರು ಯಾರೆಂದು ತಿಳಿದರೆ, ಅವರು ಸಾಯುವತನಕ ಮುಚ್ಚಿಟ್ಟುಕೊಂಡಿದ್ದ ಇನ್ನೊಬ್ಬ ಹೆಣ್ಣುಮಗಳ ಗುರುತೂ ಹತ್ತುತ್ತದೆ. ಅದಕ್ಕೇ ಊರು ಬೀದಿಗಳನ್ನೆಲ್ಲ ಸ್ವಲ್ಪ ಆಚೆಈಚೆ ಮಾಡಿದ್ದೇನೆ. ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಒಬ್ಬರು ನನ್ನ ಪಕ್ಕದಲ್ಲೇ ನಿಂತು, "ಬಾಳ ಒಳ್ಳೇ ಮನುಷ್ಯ ಕಣಮ್ಮ. ಕೆಲಸದಾಗೆ ಮಾತ್ರ ಉಡಾಫೆ. ಯಾರದೋ ಫೋಟೋ ಯಾರಿಗೋ ಹಾಕಿ ಅಂಗಡಿ ಕಳ್ಕೊಂಡ" ಅಂದರು. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಅವತ್ತಿನಿಂದ ಈ ಬರಹ ತಲೆಯೊಳಗೆ ಕೊರೆಯುತ್ತಿದೆ.

ಅವರದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು, ಬೇಕಾದ ಕಡೆ ಕತ್ತರಿಸಿ ಜೋಡಿಸಿ, ಹಾಡು ಸೇರಿಸಿ ಡಿಸ್ಕಿಗೆ ಹಾಕಿಕೊಡುವುದು ಮುಖ್ಯ ಕೆಲಸ. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದು ಎರಡು ವರ್ಷವಾಗಿತ್ತು. ಹುಡುಗಿಯಾಗಿದ್ದಾಗ ಕಂಪ್ಯೂಟರ್ ಕಲಿತಿದ್ದರಿಂದ ಅಲ್ಲಿ ಕೆಲಸ ಕೇಳಿದ್ದೆ. "ಫೋಟೋ ಅಂಗಡಿಗೆ ಹೆಂಗಸರು ಯಾಕೆ ಹೋಗಬೇಕು" ಎಂದು ಅತ್ತೆ ಮುಖ ಗಂಟು ಹಾಕಿದ್ದರು. ಅಂಗಡಿಯ ಯಜಮಾನರೇ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕೂತು, "ಸಂಜೆ ಐದಕ್ಕೆ ಮನೆಗೆ ಕಳಿಸ್ತೀನಿ ತಾಯಿ, ನನ್ನ ತಂಗಿ ಇದ್ದಂಗೆ" ಎಂದು ಅತ್ತೆಯನ್ನು ಒಪ್ಪಿಸಿದರು. ಅವತ್ತಿನಿಂದ ಅವರಿಗೆ ನಾನು ತಂಗೆಮ್ಮ. ನನಗೆ ಅವರು ಅಣ್ಣ. ಐದು ವರ್ಷ ಅಲ್ಲಿದ್ದೆ.

ಕುಳ್ಳಗೆ, ಸ್ವಲ್ಪ ಬಾಗಿದ ಬೆನ್ನು. ಕ್ಯಾಮೆರಾ ಹೊತ್ತು ಹೊತ್ತು ಎಡ ಭುಜ ಬಲದ್ದಕ್ಕಿಂತ ತಗ್ಗಾಗಿತ್ತು. ಯಾವಾಗಲೂ ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಡಿಸ್ಕಿನ ಮೇಲೆ ಬರೆಯುವ ಕಪ್ಪು ಪೆನ್ನು. ಅವರ ಅಕ್ಷರ ನೋಡುವಂತಿತ್ತು. ಊರು, ಮನೆತನ, ತಾರೀಖು ಇಷ್ಟನ್ನು ಡಿಸ್ಕಿನ ಮೇಲೆ ಗುಂಡಗೆ ಬರೆದು, ಬಿಸ್ಕೆಟ್ ಡಬ್ಬಿಗಳಲ್ಲಿ ಜೋಡಿಸಿ ಇಡುತ್ತಿದ್ದರು. ತಳಕಿನದು ಒಂದು ಡಬ್ಬಿ, ನಾಯಕನಹಟ್ಟಿಯದು ಒಂದು, ಕೊಂಡ್ಲಹಳ್ಳಿಯ ಸುತ್ತಿನ ಹಳ್ಳಿಗಳದು ಇನ್ನೊಂದು. ಎಂಟು ವರ್ಷದ ಹಿಂದಿನ ಮದುವೆಯ ಡಿಸ್ಕು ಮಕ್ಕಳು ಆಡಿ ಗೀಚಿಬಿಟ್ಟರು ಎಂದು ಯಾರಾದರೂ ಬಂದರೆ, ಎದ್ದು ಹೋಗಿ ಕಣ್ಣು ಮುಚ್ಚಿಕೊಂಡು ಎತ್ತುವವರಂತೆ ಅವರ ಮದುವೆಯನ್ನು ಎತ್ತಿ ತರುತ್ತಿದ್ದರು. ಐದು ವರ್ಷದಲ್ಲಿ ಒಂದು ಸಲವೂ ಒಬ್ಬರದು ಇನ್ನೊಬ್ಬರಿಗೆ ಹೋಗಿದ್ದನ್ನು ನಾನು ನೋಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊಳಕಾಲ್ಮುರು ಕಡೆಯಿಂದ ಬರುವ ತೆಲುಗಿನವರ ಹತ್ತಿರ ತೆಲುಗಿನಲ್ಲೇ ಮಾತು. "ಎವರಿ ಪೆಳ್ಳಿ ಅಮ್ಮಾ? ಮೀ ಇಂಟ್ಲೋ ಅಂದರೂ ಬಾಗುನ್ನಾರಾ?" ಎಂದು, ಯಾರ ಮದುವೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಅಂತ ಶುರುಮಾಡಿ, ಮನೆಯ ಹಿರಿಯರ ಆರೋಗ್ಯ, ಕುರಿಗಳ ಆರೋಗ್ಯ ಎಲ್ಲ ವಿಚಾರಿಸಿಕೊಂಡೇ ಕೆಲಸದ ವಿಷಯಕ್ಕೆ ಬರುತ್ತಿದ್ದರು. ಬಂದವರಿಗೆ ಕಾದು ಕಾದು ಸಾಕಾಗುತ್ತಿತ್ತು, ಆದರೆ ಯಾರೂ ಎದ್ದು ಹೋಗುತ್ತಿರಲಿಲ್ಲ.

ಅವರಿಗೊಂದು ಹಟವಿತ್ತು. ಡಿಸ್ಕು ಹಾಕಿದ ಕೂಡಲೇ ಕಂಪ್ಯೂಟರು ತಾನಾಗಿ ಅದನ್ನು ಓಡಿಸಬಾರದು. ಆಗಿನ ಕಂಪ್ಯೂಟರುಗಳಲ್ಲಿ ಡಿಸ್ಕನ್ನು ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದರೆ ಸಾಕು, ನಾವು ಏನೂ ಒತ್ತದಿದ್ದರೂ ಚಿತ್ರ ಶುರುವಾಗುತ್ತಿತ್ತು. ಅದಕ್ಕೆ ಆಟೋಪ್ಲೇ ಅನ್ನುತ್ತಿದ್ದರು. ಎಲ್ಲರಿಗೂ ಅದು ಅನುಕೂಲ, ಇವರಿಗೆ ಮಾತ್ರ ಕಿರಿಕಿರಿ. ನಮ್ಮ ಎರಡೂ ಕಂಪ್ಯೂಟರುಗಳಲ್ಲಿ ಅದನ್ನು ನಿಲ್ಲಿಸಿ, 'ಏನೂ ಮಾಡಬೇಡ' ಅನ್ನುವ ಸಾಲಿಗೆ ಗುರುತು ಹಾಕಿಟ್ಟಿದ್ದರು. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕಾಗಿ ಬಂದರೆ ಎಡಗೈ ಕಿರುಬೆರಳಿನಿಂದ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಬಲಗೈಯಿಂದ ಡಿಸ್ಕು ತಳ್ಳುತ್ತಿದ್ದರು. ಹಾಗೆ ಹಿಡಿದರೆ ಆ ಒಂದು ಸಲ ಅದು ಸುಮ್ಮನಿರುತ್ತದೆ. ಡಿಸ್ಕು ಗುಂಯ್‌ಗುಟ್ಟುವುದು ನಿಲ್ಲುವತನಕ ಆ ಬೆರಳು ಕದಲುತ್ತಿರಲಿಲ್ಲ.

ಯಾಕೆ ಎಂದು ಒಮ್ಮೆ ಕೇಳಿದ್ದೆ. ನಾನು ಅಂಗಡಿ ಸೇರುವ ಮುಂಚೆ ನಡೆದದ್ದನ್ನು ಹೇಳಿದರು. ಒಬ್ಬ ಯುವಕ ತನ್ನ ಅಪ್ಪನನ್ನು ಮಣ್ಣು ಮಾಡಿದ ವಿಡಿಯೋದ ಡಿಸ್ಕು ತಂದಿದ್ದನಂತೆ, ಇನ್ನೆರಡು ಪ್ರತಿ ಬೇಕು ಅಂತ. ಅಂಗಡಿಯ ಬೆಂಚಿನ ಮೇಲೆ ಮದುವೆ ಮನೆಯವರು ಕೂತಿದ್ದರು, ಮದುಮಗಳೂ ಇದ್ದಳು. ಡಿಸ್ಕು ಹಾಕಿದ್ದೇ ತಡ ಕಂಪ್ಯೂಟರಿಗೆ ಜೋಡಿಸಿದ್ದ ಗೋಡೆಯ ದೊಡ್ಡ ಟಿವಿಯಲ್ಲಿ ಹೆಣ, ಹೆಂಗಸರ ಗೋಳಾಟ. ಮದುವೆಯವರು ಅಪಶಕುನ ಎಂದು ಎದ್ದರು. ಆ ಯುವಕ, "ನಮ್ಮಪ್ಪ ಅಪಶಕುನ ಆದನಾ ಅಣ್ಣ?" ಎಂದು ಕೇಳಿದನಂತೆ.

"ಅವತ್ತೇ ಇದನ್ನ ನಿಲ್ಲಿಸಿದೆ ತಂಗೆಮ್ಮ" ಅಂದರು. "ಡಿಸ್ಕಿನೊಳಗೆ ಏನೈತೆ ಅಂತ ತಂದೋರಿಗೆ ಗೊತ್ತು. ತೆಗಿ ಅಂತ ಅವರು ಹೇಳಬೇಕು. ಅವರು ಹೇಳೋದಕ್ಕೆ ಮುಂಚೆ ಬಾಯಿ ಬಿಡೋ ಮಷೀನು ನಂಗೆ ಬ್ಯಾಡ."

ಇಷ್ಟು ತಿಳಿದೂ ನಾನು ಅದನ್ನು ಬದಲಾಯಿಸಿದೆ. ಗೊತ್ತಿಲ್ಲದೆ ಮಾಡಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಆ ವರ್ಷ ಮದುವೆಗಳ ಕಾಲದಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಒಂದೊಂದು ಮದುವೆಗೆ ಹತ್ತು, ಹದಿನೈದು ಪ್ರತಿ. ಪ್ರತಿಯೊಂದನ್ನೂ ಹಾಕಿ, ತೆರೆದು, ಸರಿಯಾಗಿ ಬಂದಿದೆಯೇ ಎಂದು ನೋಡಿ ಕವರಿಗೆ ಹಾಕಬೇಕು. ತಾನಾಗಿ ಓಡಿದರೆ ನಾಲ್ಕು ಸಲ ಒತ್ತುವ ಕೆಲಸ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಅಣ್ಣ ಯಾವುದೋ ಮದುವೆಗೆ ಕ್ಯಾಮೆರಾ ಹೊತ್ತು ಹೋಗಿದ್ದ ದಿನ ನನ್ನ ಕಂಪ್ಯೂಟರಿನಲ್ಲಿ ಆ ಗುರುತನ್ನು ತೆಗೆದುಬಿಟ್ಟೆ. ಕಾಲ ಮುಗಿದ ಮೇಲೆ ಮೊದಲಿನಂತೆ ಮಾಡಿದರಾಯಿತು, ಅವರಿಗೆ ಗೊತ್ತಾಗುವುದೇ ಇಲ್ಲ ಎಂದುಕೊಂಡೆ. ಬೇಗ ಬೇಗ ಕೆಲಸ ಸಾಗಿತು. ಒಳಗೊಳಗೇ ಹೆಮ್ಮೆಯೂ ಆಯಿತು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಅಂಗಡಿ ತುಂಬ ಜನ. ಅಣ್ಣ ಪಕ್ಕದ ಬೀದಿಗೆ ಕ್ಯಾಮೆರಾ ರಿಪೇರಿಗೆ ಹೋಗಿದ್ದರು. ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಮೂವತ್ತರ ಹತ್ತಿರದ ವಯಸ್ಸು. ಜೊತೆಗೆ ಅವಳ ನಾದಿನಿ, ಬಾಯಿ ಬಡುಕಿ ಹುಡುಗಿ. ಹಿಂದಿನ ವರ್ಷ ಈ ಹೆಂಗಸಿನ ಮಗುವಿನ ನಾಮಕರಣದ ವಿಡಿಯೋ ನಮ್ಮ ಅಂಗಡಿಯದೇ ಆಗಿದ್ದರಿಂದ ನನಗೂ ಮುಖ ಪರಿಚಯವಿತ್ತು.

"ಅಣ್ಣಾರಿಗೆ ಒಂದು ಡಿಸ್ಕು ಕೊಟ್ಟಿದ್ದೆ ಅಕ್ಕ. ಅದರಾಗೆ ನಮ್ಮಪ್ಪ ಇರೋದನ್ನ ಬೇರೆ ಮಾಡಿಕೊಡ್ತೀನಿ ಅಂದಿದ್ರು" ಅಂದಳು.

"ಇವರ ದೊಡ್ಡಮ್ಮನ ಮಗಳ ಮದುವೀದು" ಎಂದು ನಾದಿನಿ ಸೇರಿಸಿದಳು. "ಇವರಪ್ಪ ಸತ್ತುಹೋದ್ರಲ್ಲ, ಅದು ಬಿಟ್ರೆ ಇನ್ನೆಲ್ಲೂ ಇಲ್ಲವಂತೆ."

ಅಣ್ಣನ ಮೇಜಿನ ಖಾನೆಯಲ್ಲಿ ಒಂದು ಕವರಿತ್ತು. ಅದರ ಮೇಲೆ ಹೆಸರಿಲ್ಲ, ಊರಿಲ್ಲ. "ಇದು ನಾನೇ ನೋಡ್ಕೊಂತೀನಿ, ನೀನು ಮುಟ್ಟಬ್ಯಾಡ" ಎಂದಿದ್ದರು. ಇದೇ ಇರಬೇಕು ಎಂದು ತೆಗೆದೆ. ಆ ಹೆಂಗಸು ಕವರನ್ನು ನೋಡಿದ್ದೇ ಎದ್ದು ನಿಂತಳು.

"ಬ್ಯಾಡಕ್ಕ, ಅಣ್ಣಾರು ಬರಲಿ. ನಾನು ಕಾಯ್ತೀನಿ."

"ಅಯ್ಯೋ ಒಂದು ನಿಮಿಷ. ಕೆಲಸ ಆಗೈತೋ ಇಲ್ಲವೋ ನೋಡಿ ಹೇಳ್ತೀನಿ. ಬಸ್ಸಿಗೆ ಹೊತ್ತಾಗಲ್ವಾ ನಿಮಗೆ?" ಎಂದು ಡಿಸ್ಕನ್ನು ಒಳಗೆ ತಳ್ಳಿದೆ.

ಗೋಡೆಯ ಟಿವಿಯಲ್ಲಿ ವಾಲಗ ಮೊಳಗಿತು. ಗುಲಾಬಿ ಹೂಗಳ ನಡುವಿಂದ ಎರಡು ಹೃದಯಗಳು ಮೂಡಿ ಬಂದವು. ಒಂದರಲ್ಲಿ ಬಾಸಿಂಗ ಕಟ್ಟಿದ ಗಂಡು. ಇನ್ನೊಂದರಲ್ಲಿ ಬಾಸಿಂಗ ಕಟ್ಟಿದ ಹೆಣ್ಣು. ಹತ್ತು ವರ್ಷ ಚಿಕ್ಕವಳು, ತೆಳ್ಳಗಿನವಳು, ಆದರೆ ಅವಳೇ.

ನಾದಿನಿ ಬೆಂಚಿನಿಂದ ಎದ್ದು ಟಿವಿಯ ಹತ್ತಿರ ಬಂದಳು. "ಅತ್ತಿಗೆ, ಇದು ನೀನಲ್ವಾ? ಪಕ್ಕದಾಗೆ ಯಾರು?"

ಆ ಹೆಂಗಸು ಬೆಂಚಿನ ಅಂಚನ್ನು ಹಿಡಿದುಕೊಂಡಳು. ನಾನು ಗಾಬರಿಯಲ್ಲಿ ಎಲ್ಲಿ ಒತ್ತಬೇಕು ಎಂಬುದೇ ತೋಚದೆ ಕೂತಿದ್ದೆ. ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದರು. ಟಿವಿ ನೋಡಿದರು, ಅವಳನ್ನು ನೋಡಿದರು. ಎರಡೇ ಹೆಜ್ಜೆಗೆ ಒಳಗೆ ಬಂದು ಟಿವಿಯ ವೈರು ಕಿತ್ತರು. ಆಮೇಲೆ ನಾದಿನಿಯ ಕಡೆ ತಿರುಗಿ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು.

"ಥೂ, ನನ್ನ ಬುದ್ಧಿಗಿಷ್ಟು! ತಂಗೀ, ತಪ್ಪಾತಮ್ಮ. ಆ ಮದುವೆ ಹುಡುಗಿ ಫೋಟೋ ಹಾಳಾಗಿತ್ತು. ಹೆಂಗೆ ಕಾಣ್ತೈತೋ ನೋಡಾನ ಅಂತ, ನಾಮಕರಣದ ಡಿಸ್ಕಿನಾಗಿದ್ದ ನಿಮ್ಮತ್ತಿಗೆ ಮುಖಾನೆ ಇಟ್ಟು ಮಾದರಿ ಮಾಡಿದ್ದೆ. ತೆಗೆಯೋದು ಮರೆತೆ. ಬಾಸಿಂಗ ಕಟ್ಟೋದು, ಮುಖ ಸಣ್ಣ ಮಾಡೋದು, ಎಲ್ಲಾ ಈ ಕಂಪ್ಯೂಟರ್ ಆಟ."

ನಾದಿನಿ ಉರಿದುಬಿದ್ದಳು. "ಯಾವನೋ ಗಂಡಸಿನ ಪಕ್ಕ ನಮ್ಮತ್ತಿಗೆ ಮುಖ ಇಡ್ತೀರೇನ್ರಿ? ಮರ್ಯಾದಸ್ಥರ ಮನೆ ನಮ್ದು! ನಮ್ಮಣ್ಣಂದಿರಿಗೆ ಹೇಳ್ತೀನಿ ಇರ್ರಿ" ಎಂದು ಅತ್ತಿಗೆಯ ಕೈ ಹಿಡಿದು ಎಳೆದುಕೊಂಡು ಹೋದಳು. ಬೆಂಚಿನ ಮೇಲಿದ್ದವರೂ ಒಬ್ಬೊಬ್ಬರಾಗಿ ಎದ್ದರು.

ಅವರು ಹೋದ ಮೇಲೆ ಅಣ್ಣ ನನ್ನ ಕಂಪ್ಯೂಟರಿನ ಮುಂದೆ ಕೂತು, ನಾನು ತೆಗೆದಿದ್ದ ಗುರುತನ್ನು ಮತ್ತೆ ಹಾಕಿದರು. "ಕೆಲಸ ಜಾಸ್ತಿ ಆಗಿದ್ರೆ ಹೇಳಬಾರದಿತ್ತಾ ತಂಗೆಮ್ಮ" ಅಂದರು. ಅಷ್ಟೇ. ನನಗೆ ಅಳು ಬಂತು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಧ್ವನಿ ತಗ್ಗಿಸಿ, ನಿಜ ಹೇಳಿದರು. ಆ ಹೆಂಗಸಿಗೆ ಎಳೆಯ ವಯಸ್ಸಿನಲ್ಲಿ ಒಂದು ಮದುವೆಯಾಗಿತ್ತು. ಗಂಡನ ಹೊಡೆತ ತಾಳಲಾರದೆ ಮೂರೇ ತಿಂಗಳಿಗೆ ವಾಪಸು ಬಂದಿದ್ದಳು. ಈಗಿನ ಗಂಡ ಎಲ್ಲ ಗೊತ್ತಿದ್ದೇ ಕೈ ಹಿಡಿದಿದ್ದ. ಅವನ ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಅವಳ ಅಪ್ಪ ಓಡಾಡುವುದು ಕಾಣುವುದು ಆ ಮುರಿದ ಮದುವೆಯ ಡಿಸ್ಕಿನಲ್ಲಿ ಮಾತ್ರ. ದೊಡ್ಡಮ್ಮನ ಮಗಳ ಮದುವೆಯದು ಎಂದು ಮನೆಯಲ್ಲಿ ಸುಳ್ಳು ಹೇಳಿ ಅದನ್ನು ತಂದುಕೊಟ್ಟಿದ್ದಳು.

ಮಾರನೆಯ ದಿನ ಬೆಳಿಗ್ಗೆ ಆ ಮನೆಯ ಗಂಡಸರು ನಾಲ್ಕು ಜನ ಬಂದರು. ಆ ಹೆಂಗಸಿನ ಗಂಡ ಎಲ್ಲರ ಹಿಂದೆ ನಿಂತ. ಮುಂದಿದ್ದ ಅವಳ ಭಾವ ಕೂಗಿದ.

"ಲೇ, ಹೊರಗೆ ಬಾರಲೇ! ನಮ್ಮನೆ ಹೆಣ್ಮಗಳ ಮುಖ ನಿಂಗೆ ಆಟದ ಸಾಮಾನಾ?"

ಅಣ್ಣ ಮೆಟ್ಟಿಲ ಮೇಲೆ ಕೈಮುಗಿದು ನಿಂತರು. "ತಪ್ಪಾತ್ರಿ. ನಂದೇ ತಪ್ಪು" ಎನ್ನುವುದನ್ನು ಬಿಟ್ಟು ಇನ್ನೊಂದು ಮಾತಾಡಲಿಲ್ಲ. ಬೀದಿಯ ಅಂಗಡಿಯವರೆಲ್ಲ ಬಂದು ಸೇರಿದರು. ಹೊರಗೆ ಫೋಟೋಗಳನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆಗೆ ಯಾರೋ ಕಲ್ಲು ಎತ್ತಿ ಹಾಕಿದರು.

ನಾನು ಒಳಗೆ ಕೂತಿದ್ದೆ. ಆಗ ಹೊರಗೆ ಬಂದು, "ಆ ಫೋಟೋ ಸೇರಿಸಿದ್ದು ನಾನು. ನಾನು ಹೆಂಗಸು, ನನಗೆ ಬೈಯಿರಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಣ್ಣ ಹೇಳಿದ ಸುಳ್ಳು ಹಾಗೆಯೇ ನಿಲ್ಲುತ್ತಿತ್ತು, ಆ ಹೆಂಗಸಿಗೆ ಕೂದಲೂ ಕೊಂಕುತ್ತಿರಲಿಲ್ಲ. ಹೆಂಗಸು ಹೆಂಗಸಿನ ಫೋಟೋ ಇಟ್ಟರೆ ಯಾರೂ ಕಲ್ಲು ಎತ್ತುವುದಿಲ್ಲ. ಈ ಮಾತು ನನಗೆ ಆಮೇಲೆ ಹೊಳೆದದ್ದಲ್ಲ. ಅಲ್ಲೇ, ಆಗಲೇ ಹೊಳೆದಿತ್ತು. ಆದರೆ ಸಂಜೆಯೊಳಗೆ ಸುದ್ದಿ ಅತ್ತೆಗೆ ಮುಟ್ಟುತ್ತದೆ, ನಾಳೆಯಿಂದ ನಾನು ಅಂಗಡಿಗೆ ಹೋಗುವುದು ಬಂದ್ ಎಂದು ಹೆದರಿದೆ. ಕುರ್ಚಿ ಬಿಟ್ಟು ಏಳಲಿಲ್ಲ.

ಅವರೆಲ್ಲ ಹೋದ ಮೇಲೆ ಅಣ್ಣ ಪೊರಕೆ ತಂದು ಗಾಜು ಗುಡಿಸಿದರು. ನಾನು ಕೈ ಹಾಕಲು ಹೋದರೆ, "ಚುಚ್ಚುತ್ತೆ, ಬಿಡು" ಅಂದರು.

ಎರಡು ದಿನ ಬಿಟ್ಟು ಆ ಹೆಂಗಸಿನ ಗಂಡ ಒಬ್ಬನೇ ಬಂದ. ಅಷ್ಟರಲ್ಲಿ ಅಣ್ಣ ಡಿಸ್ಕಿನ ಕೆಲಸ ಮುಗಿಸಿದ್ದರು. ಧಾರೆಯ ಹೊತ್ತಿನಲ್ಲಿ ಆ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಳ್ಳುವುದು, ಆಮೇಲೆ ಊಟದ ಸಾಲಿನಲ್ಲಿ ಯಾರಿಗೋ ಇನ್ನೊಂದು ಹೋಳಿಗೆ ಬಡಿಸಿ ನಗುವುದು. ಗಂಡಿನ ಕಡೆಯವರು ಒಬ್ಬರೂ ಕಾಣದಂತೆ ಕತ್ತರಿಸಿ, ವಾಲಗದ ಸದ್ದನ್ನೂ ತೆಗೆದಿದ್ದರು.

ಆತ ಕವರನ್ನು ಕೈಗೆ ತೆಗೆದುಕೊಂಡ. "ಯಜಮಾನ್ರೇ, ನಿಮ್ಮ ಮಾನ ಬೀದೀಲಿ ಹೋತು. ನಾನು ಹಿಂದೆ ನಿಂತು ನೋಡಿದೆ. ಇವತ್ತೇ ಹೋಗಿ ನಮ್ಮವರಿಗೆ ಎಲ್ಲಾ ಹೇಳಿಬಿಡ್ತೀನ್ರಿ" ಅಂದ.

"ಹೇಳೋದಾದ್ರೆ ಆಯಮ್ಮ ಹೇಳಲಿ. ಅವಳಿಗೆ ಹೇಳಬೇಕು ಅನ್ನಿಸಿದಾಗ" ಅಂದರು ಅಣ್ಣ. "ನೀನೂ ಬ್ಯಾಡ, ನಾನೂ ಬ್ಯಾಡ."

ಆತ ಅವರ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡು ಹೊರಟುಹೋದ. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದೇ ಹೋದದ್ದು ನನಗೆ ಸಮಾಧಾನವೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಗಡಿ ಒಂದೇ ದಿನಕ್ಕೆ ಬೀಳಲಿಲ್ಲ. ಮೊದಲು ಬಂದವರು, "ನಮ್ಮ ಹುಡುಗಿ ಫೋಟೋ ಹುಷಾರು ಕಣಣ್ಣ" ಎಂದು ನಗುತ್ತಾ ಹೇಳಿದರು. ಅಣ್ಣನೂ ನಗುತ್ತಿದ್ದರು. ಆಮೇಲೆ ಹೆಣ್ಣುಮಕ್ಕಳಿರುವ ಮನೆಯವರು ಪಾಸ್‌ಪೋರ್ಟ್ ಅಳತೆಯ ಫೋಟೋಗೂ ಮುಂದಿನ ಬೀದಿಯ ಸ್ಟುಡಿಯೋಗೆ ಹೋಗತೊಡಗಿದರು. ಮರುವರ್ಷದ ಮದುವೆಗಳ ಕಾಲದಲ್ಲಿ ಕ್ಯಾಮೆರಾ ಹೆಚ್ಚು ದಿನ ಗೂಟದಲ್ಲೇ ತೂಗುತ್ತಿತ್ತು. ಆ ಹೊತ್ತಿಗೆ ನನಗೆ ಮೊಳಕಾಲ್ಮುರಿನಲ್ಲಿ ಕೆಲಸ ಸಿಕ್ಕಿತು. ಹೋಗುತ್ತೇನೆ ಎಂದಾಗ, "ಹೋಗಮ್ಮ, ಇಲ್ಲೇನೈತೆ" ಎಂದು ಸಂತೋಷದಿಂದಲೇ ಕಳಿಸಿದರು. ನಾನು ಹೋದ ಮೇಲೆ ಕಂಪ್ಯೂಟರುಗಳನ್ನು ಮಾರಿದರು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಮಳಿಗೆಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಇಟ್ಟುಕೊಂಡರು. ಕ್ಯಾಮೆರಾ ಮತ್ತೆ ಹೆಗಲಿಗೇರಲಿಲ್ಲ.

ಚಳ್ಳಕೆರೆಗೆ ಹೋದಾಗ ಕೆಲವು ಸಲ ಕಂಡೆ, ಕೆಲವು ಸಲ ಬೇರೆ ದಾರಿಯಲ್ಲಿ ಹೋದೆ. ಒಮ್ಮೆ ಧೈರ್ಯ ಮಾಡಿ, "ಅಣ್ಣ, ನಾನೇ ಮಾಡಿದ್ದು ಅಂತ ಈಗಲಾದರೂ ಹೇಳ್ತೀನಿ" ಎಂದೆ. ಆಧಾರ್ ಕಾರ್ಡೊಂದನ್ನು ಪ್ಲಾಸ್ಟಿಕ್ಕಿನೊಳಗೆ ನೇರವಾಗಿ ಕೂರಿಸುತ್ತಿದ್ದರು. "ಯಾರಿಗೆ ಹೇಳ್ತೀಯ? ಎಲ್ಲರೂ ಮರ್ತವ್ರೆ. ನಿಮ್ಮತ್ತೆಗೆ ಮಾತ್ರ ಹೊಸದಾಗಿ ಗೊತ್ತಾಗ್ತೈತೆ" ಎಂದು ನಕ್ಕರು. ಅವರು ಬೇಡವೆಂದರಲ್ಲ ಎಂದು ನಾನೂ ಬಿಟ್ಟೆ. ಎಷ್ಟು ಸುಲಭವಾಗಿ ಬಿಟ್ಟೆ.

ಆ ಹೆಂಗಸನ್ನು ಮೊಳಕಾಲ್ಮುರಿನಲ್ಲಿ ಒಂದು ಸಲ ಕಂಡಿದ್ದೇನೆ. ಜೊತೆಗೆ ಹೈಸ್ಕೂಲಿಗೆ ಹೋಗುವ ಮಗಳಿದ್ದಳು. "ಅಣ್ಣಾರು ಹೆಂಗವ್ರೆ?" ಎಂದು ಮೊದಲು ಕೇಳಿದಳು. ಆಮೇಲೆ ಮಗಳ ತಲೆ ಸವರುತ್ತಾ, "ಇವಳು ತಾತನ್ನ ನೋಡೇ ಇಲ್ಲ ಅನ್ನಂಗಿಲ್ಲ. ಟವೆಲ್ನಾಗೆ ಕಣ್ಣು ಒರೆಸ್ಕೊಳ್ಳೋದು ಥೇಟ್ ಮಾಡಿ ತೋರಿಸ್ತಾಳೆ" ಅಂದಳು. ಮನೆಯಲ್ಲಿ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳಲು ನಾನು ಯಾರು.

ಅಣ್ಣನ ತಿಥಿಯ ದಿನ ಅವರ ಮನೆಗೆ ಹೋದೆ. ಊಟವಾಗಿ ಜನ ಕರಗಿದ ಮೇಲೆ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ನೀನು ಅಂಗಡಿಯಾಗೆ ಇದ್ದೆಯಲ್ಲಮ್ಮ" ಅಂದರು. "ಒಂದು ಉಪ್ಪಿನ ಡಬ್ಬಿ ಜಾಗ ಬದಲಾದ್ರೂ ಗೊತ್ತಾಗೋದು ಆ ಮನುಷ್ಯಂಗೆ. ಅಂಥವರು ಆ ಫೋಟೋ ಹೆಂಗೆ ಅದಲುಬದಲು ಮಾಡಿದರು? ಇವತ್ತಿಗೂ ನಂಗೆ ತಿಳಿದಿಲ್ಲ."

ಆಗ ಗೊತ್ತಾಯಿತು, ಅವರು ಹೆಂಡತಿಗೂ ಹೇಳಿರಲಿಲ್ಲ.

"ಅವರು ಮಾಡಿದ್ದಲ್ಲ ಅತ್ತಿಗೆ" ಅಂದೆ. "ಅದು ನನ್ನ ಕೈಯಿಂದ ಆದದ್ದು. ನನ್ನ ಮೇಲೆ ಬರಬಾರದು ಅಂತ ಅವರು ತಲೆ ಮೇಲೆ ಹಾಕ್ಕೊಂಡ್ರು." ಆ ಹೆಂಗಸಿನ ವಿಷಯ ಎತ್ತಲಿಲ್ಲ. ಅದು ನಾನು ಹೇಳುವುದಲ್ಲ.

ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಅಂಗಡಿ ಹೋದಾಗಿನಿಂದ ದಿನಾ ಅದೇ ಮಾತು ಎತ್ತಿ ಆಡ್ತಿದ್ದೆ ಕಣಮ್ಮ" ಅಂದರು ಕೊನೆಗೆ. "ಉಣ್ಣಕ್ಕೆ ಕೂತಾಗ, ಮಗಳ ಮದುವೆ ನಿಂತುಹೋದಾಗ, ಆಸ್ಪತ್ರೆಯಾಗೆ ಮಲಗಿದ್ದಾಗಲೂ. ಒಂದು ದಿನಾನೂ ತಿರುಗಿ ಮಾತಾಡಲಿಲ್ಲ ಅವರು. ಹೂಂ ಅನ್ನೋರು, ಅಷ್ಟೇ."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಕೈ ಕೊಸರಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಒಂದು ತಿಂಗಳು ಮುಂಚೆ ಬಂದು ಇದನ್ನ ಹೇಳಿದ್ರೂ ಆಗ್ತಿತ್ತಲ್ಲಮ್ಮ" ಅಂದರು. "ಅವರಿಗೆ ಕಿವಿ ಕೇಳ್ತಿತ್ತು. ತಪ್ಪಾತು ಅಂತ ನಾನು ಒಂದು ಮಾತು ಹೇಳ್ತಿದ್ದೆ."